ಕಾಟಿ ತಿವಿಯಿತೆಂದು ಹೇಳಿದ್ದು

ಮೈಸೂರು
8 ಜನವರಿ 2024

ಪ್ರಿಯ ತನ್ಮಯಿ,

ನಿನ್ನ ಫೋನನ್ನು ನಿನ್ನಪ್ಪ ಸುತ್ತಿಗೆಯಿಂದ ಜಜ್ಜಿದರಂತೆ. ಅವರೇ ಹೇಳಿದರು, ಹೇಳುವಾಗ ನಾಚಿಕೊಂಡರು. ಹಾಗಾಗಿ ಇನ್ನು ನಮಗೆ ಕಾಗದವೇ ಗತಿ. ಹದಿನೇಳರ ಹುಡುಗಿಗೆ ಇದು ಅಜ್ಜಿಯರ ಕೆಲಸ ಅನ್ನಿಸಬಹುದು. ನನಗೆ ಐವತ್ತೆರಡಾಯಿತು, ಅಭ್ಯಾಸವಿದೆ.

ಕಾಲೇಜಿನ ಆಪ್ತಸಲಹೆಯ ಕೋಣೆಯಲ್ಲಿ ನಾವು ಆರು ವಾರ ಎದುರುಬದುರು ಕೂತೆವು. ಅದರಲ್ಲಿ ನಾಲ್ಕು ವಾರ ನೀನು ಕಿಟಕಿಯ ಜೊತೆ ಮಾತಾಡಿದೆ. ಬಾಯಿ ಬಿಡಲು ಶುರುಮಾಡುವ ಹೊತ್ತಿಗೆ ಡಿಸೆಂಬರ್ ಹನ್ನೆರಡು ಬಂತು. ಹಾಸ್ಟೆಲಿನ ಊಟದ ಮನೆಯಲ್ಲಿ ನೀನು ಸ್ಟೀಲ್ ಬಾಟಲಿಯಿಂದ ನಿನ್ನ ರೂಮ್‌ಮೇಟ್ ಜನನಿಯ ಮುಖಕ್ಕೆ ಹೊಡೆದೆ. ಮರುದಿನವೇ ಕಾಲೇಜಿನವರು ನಿನ್ನನ್ನು ಊರಿಗೆ ಕಳಿಸಿದರು. ನನ್ನನ್ನು ಒಂದು ಮಾತು ಕೇಳಿದ್ದರೆ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಬೇಡಿ ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ನೀನು ಬರೆದದ್ದನ್ನು ಯಾರಿಗೂ ತೋರಿಸುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯ ಕಂಡರೆ ಮಾತ್ರ ಈ ಮಾತು ಮುರಿಯುತ್ತೇನೆ, ಮುರಿಯುವಾಗ ನಿನಗೆ ಹೇಳಿಯೇ ಮುರಿಯುತ್ತೇನೆ. ನಿಮ್ಮ ಮನೆಯಲ್ಲಿ ತಮಿಳು ಓದುತ್ತಾರೆ, ಕನ್ನಡ ಅಕ್ಷರ ಬರುವುದಿಲ್ಲ ಎಂದು ನೀನೇ ಹೇಳಿದ್ದೆ. ಹಾಗಾದರೆ ಧೈರ್ಯವಾಗಿ ಬರೆ.

ಜನನಿ ಹಾಸನದಲ್ಲಿ ಅಪ್ಪ ಅಮ್ಮನ ಜೊತೆಗಿದ್ದಾಳೆ. ಚಿಕಿತ್ಸೆ ನಡೆಯುತ್ತಿದೆ. ಸದ್ಯಕ್ಕೆ ಅದನ್ನು ಯೋಚಿಸಬೇಡ.

ರುದ್ರಾಣಿ


ಸೋಲೂರು
17 ಜನವರಿ 2024

ಮೇಡಂ,

ಯೋಚಿಸಬೇಡ ಅಂದಕೂಡಲೇ ಯೋಚನೆ ನಿಲ್ಲುವುದಾದರೆ ನಿಮಗೆ ಸಂಬಳ ಯಾಕೆ ಕೊಡಬೇಕು.

ಸೋಲೂರಿನಿಂದ ನಮ್ಮ ಹಟ್ಟಿಗೆ ಅರ್ಧ ಗಂಟೆ ನಡಿಗೆ. ಕಾಗದ ಹಾಕಲು ಬರುತ್ತೇನೆ ಅಂದರೆ ಅಪ್ಪ ಹಿಂದೆಯೇ ಬರುತ್ತಾರೆ, ಹತ್ತು ಹೆಜ್ಜೆ ದೂರ ಬಿಟ್ಟು. ಬೆಳಗಿನ ಹೊತ್ತು ಚಹಾ ಗಿಡಗಳ ಮೇಲೆ ಹಿಮ ಬಿಳಿಯಾಗಿ ಕೂತಿರುತ್ತದೆ. ಬಿಸಿಲು ಬಂದ ಮೇಲೆ ಆ ಎಲೆಯೆಲ್ಲ ಸುಟ್ಟು ಕಪ್ಪಾಗುತ್ತದೆ. ನೋಡುವವರಿಗೆ ಚಂದ.

ನಾನು ಐದನೇ ಕ್ಲಾಸಿಗೆ ಮೈಸೂರಿಗೆ ಬಂದವಳು. ನನ್ನ ಹೆಸರು ತೇನ್ಮೊಳಿ. ಹಾಸ್ಟೆಲಿನಲ್ಲಿ ಯಾರ ನಾಲಿಗೆಯೂ ಹೊರಳಲಿಲ್ಲ, ನಾನೇ ತನ್ಮಯಿ ಎಂದು ಇಟ್ಟುಕೊಂಡೆ. ಆದರೂ ಅಲ್ಲಿ ನಾನು 'ಊಟಿ ತಮಿಳು'. ಇಲ್ಲಿ ಹೆಂಗಸರು ನಮ್ಮ ಬಡಗ ಭಾಷೆಯನ್ನು ನನ್ನ ಬಾಯಲ್ಲಿ ಕೇಳಿ ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ, ನಾನು 'ಮೈಸೂರು ಹೆಣ್ಣು'. ನೀನು ಯಾರು ಎಂದು ಯಾರಾದರೂ ಕೇಳಿದ್ದರೆ ಜನನಿಯ ಜೊತೆಗಿರುವವಳು ಅನ್ನುತ್ತಿದ್ದೆ. ನನಗೆ ಸರಿಯಾಗಿ ಗೊತ್ತಿದ್ದದ್ದು ಅದೊಂದೇ.

ನಾನು ಅವಳನ್ನು ಹೇಗೆ ಇಷ್ಟಪಡುತ್ತೇನೆಂದು ಹೇಳಿದ್ದು ಅವಳೊಬ್ಬಳಿಗೆ. ಅವಳು ರೂಮು ಬದಲಿಸಿ ಎಂದು ವಾರ್ಡನ್ನಿಗೆ ಬರೆದುಕೊಟ್ಟಳು, ಕಾರಣವನ್ನೂ ಬರೆದಳು. ಊಟದ ಮನೆಯಲ್ಲಿ ಒಂದು ಟೇಬಲಿನ ತುಂಬ ಹುಡುಗಿಯರು ನನ್ನನ್ನು ನೋಡಿ ನಕ್ಕರು. ಅವಳು ನಗಲಿಲ್ಲ. ನಾನು ಹೊಡೆದದ್ದು ಅವಳಿಗೇ.

ಇಲ್ಲಿನ ಸುದ್ದಿ ಏನೂ ಇಲ್ಲ. ಅವ್ವೆಯ ಮುಂಗೈ ನೀಲಿಗಟ್ಟಿದೆ. ಎಲೆ ಕೀಳುವಾಗ ಜಾರಿದೆ ಎಂದು ಪಕ್ಕದ ಮನೆಯ ನಂಜಿ ಅಜ್ಜಿಗೆ ಹೇಳಿದಳು. ಅಪ್ಪ ಅಲ್ಲೇ ಇದ್ದರು, ಸುಮ್ಮನಿದ್ದರು. ಸುಮ್ಮನಿರುವುದು ನಮ್ಮ ಮನೆಯವರಿಗೆಲ್ಲ ಚೆನ್ನಾಗಿ ಬರುತ್ತದೆ.

ತನ್ಮಯಿ


ಮೈಸೂರು
24 ಜನವರಿ 2024

ಪ್ರಿಯ ತನ್ಮಯಿ,

ಕೊನೆಯ ನಾಲ್ಕು ಸಾಲನ್ನು ನೀನು ಸುಮ್ಮನೆ ಬರೆಯಲಿಲ್ಲ, ನಾನೂ ಸುಮ್ಮನೆ ಓದಲಿಲ್ಲ. ಫೋನು ಜಜ್ಜುವ ಕೈ ಅಲ್ಲಿಗೇ ನಿಲ್ಲುವುದು ಅಪರೂಪ. ಇಪ್ಪತ್ತಾರು ವರ್ಷದಲ್ಲಿ ಇಂಥ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮಪ್ಪ ಅವ್ವೆಯನ್ನು ಹೊಡೆಯುತ್ತಾರೆಯೇ? ನಿನ್ನನ್ನು? ಬರೆಯಲು ಕಷ್ಟವಾದರೆ ಹೌದು ಅಥವಾ ಇಲ್ಲ ಎಂದಷ್ಟೇ ಬರೆ.

ನಿನ್ನ ಸಿಟ್ಟು ಎಲ್ಲಿಂದ ಬಂತು ಎಂಬುದು ನನಗೆ ಈಗ ಸ್ವಲ್ಪ ಸ್ಪಷ್ಟವಾಗುತ್ತಿದೆ. ಮನೆಯಲ್ಲಿ ಕಂಡದ್ದನ್ನೇ ಮಕ್ಕಳು ಕಲಿಯುತ್ತಾರೆ.

ನಿನ್ನ ಉತ್ತರ ಬರುವ ತನಕ ಕಾಯುವ ತಾಳ್ಮೆ ನನಗಿಲ್ಲ. ನಿಮ್ಮಪ್ಪನಿಗೆ ನಾಳೆ ಫೋನು ಮಾಡುತ್ತೇನೆ. ಇದನ್ನು ನಿನಗೆ ಹೇಳಿಯೇ ಮಾಡುತ್ತಿದ್ದೇನೆ, ಆದರೆ ಕಾಗದ ಫೋನಿಗಿಂತ ನಿಧಾನ. ಕ್ಷಮಿಸು.

ಒಂದು ಕೆಲಸ ಕೊಡುತ್ತೇನೆ. ನಿನ್ನ ಕೈಗಳು ಇದುವರೆಗೆ ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆ. ಕಾರಣ ಬೇಡ, ಸಮರ್ಥನೆ ಬೇಡ, ಏನು ಮಾಡಿದೆ ಎಂದಷ್ಟೇ. ಅದನ್ನು ನನಗೆ ಕಳಿಸಬೇಕಾಗಿಲ್ಲ.

ರುದ್ರಾಣಿ


ಸೋಲೂರು
2 ಫೆಬ್ರುವರಿ 2024

ಮೇಡಂ,

ನಿಮ್ಮ ಫೋನು ಬಂದಾಗ ಅಪ್ಪ ಚಹಾ ಎಲೆಯ ತೂಕಕ್ಕೆ ನಿಂತಿದ್ದರು. ಲಾರಿಯವರು, ಹಟ್ಟಿಯ ನಾಲ್ಕು ಜನ, ನಾನು, ಎಲ್ಲರೂ ಅಲ್ಲೇ ಇದ್ದೆವು. ನೀವು ಗಟ್ಟಿಯಾಗಿ ಮಾತಾಡುತ್ತೀರಿ, ಅರ್ಧ ನನಗೂ ಕೇಳಿಸಿತು. ಅಪ್ಪ ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ, "ಆತು ಮೇಡಂ, ಇನ್ನು ಹುಯ್ಯೆ" ಅಂದರು. ಇನ್ನು ಹೊಡೆಯುವುದಿಲ್ಲ ಅಂತ. ಎಲೆ ಚೀಲ ಮತ್ತೆ ಎತ್ತಿ ಕೊಕ್ಕೆಗೆ ಸಿಕ್ಕಿಸಿದರು. ಲಾರಿಯವನು ನೆಲ ನೋಡುತ್ತಿದ್ದ.

ಈಗ ಹಟ್ಟಿಯಲ್ಲಿ ಅಪ್ಪನ ಹೆಸರು ಹಿಡಿದು, ಹಾಲನ್ ಹೆಂಡತಿಯನ್ನು ಹೊಡೆಯುತ್ತಾನೆ ಎಂದು ಮಾತು. ಅಪ್ಪ ಯಾರಿಗೂ ಏನೂ ಹೇಳಿಲ್ಲ.

ಪಟ್ಟಿ ಬರೆದಿದ್ದೇನೆ. ಒಂದು ಹಾಳೆ ಸಾಲಲಿಲ್ಲ.

ಜನನಿ ಹೇಗಿದ್ದಾಳೆ?

ತನ್ಮಯಿ


ಮೈಸೂರು
7 ಫೆಬ್ರುವರಿ 2024

ಪ್ರಿಯ ತನ್ಮಯಿ,

ನಿಮ್ಮಪ್ಪ ಅಷ್ಟು ಬೇಗ ಒಪ್ಪಿಕೊಂಡದ್ದು ನನಗೂ ಆಶ್ಚರ್ಯ. ನಾಲ್ಕು ಜನರ ಮುಂದೆ ಒಪ್ಪಿಕೊಂಡ ಗಂಡಸು ಬದಲಾಗಬಲ್ಲ. ಇದನ್ನು ಒಳ್ಳೆಯ ಸುದ್ದಿ ಎಂದೇ ತೆಗೆದುಕೊಳ್ಳುತ್ತೇನೆ.

ಪಟ್ಟಿ ಬರೆದದ್ದು ಅದಕ್ಕಿಂತ ಒಳ್ಳೆಯ ಸುದ್ದಿ. ಈಗ ಅದನ್ನು ಒಬ್ಬರ ಮುಂದೆ ಗಟ್ಟಿಯಾಗಿ ಓದಬೇಕು. ಇಲ್ಲಿದ್ದಿದ್ದರೆ ನನ್ನ ಮುಂದೆ ಓದುತ್ತಿದ್ದೆ. ಅಲ್ಲಿ ನಿನ್ನ ಮೇಲೆ ಕೈ ಮಾಡದವರು ಅವ್ವೆ ಒಬ್ಬರೇ ಅನ್ನಿಸುತ್ತದೆ. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಹಗಲು ಹೊತ್ತಿನಲ್ಲಿ, ಒಂದೊಂದಾಗಿ ಓದು. ಅವರು ಉತ್ತರ ಕೊಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. ಹೇಳಿಕೊಂಡ ತಪ್ಪಿನ ಭಾರ ಇಳಿಯುತ್ತದೆ, ನನ್ನ ಅನುಭವ ಅದು.

ಜನನಿ ಚೇತರಿಸಿಕೊಳ್ಳುತ್ತಿದ್ದಾಳೆ.

ರುದ್ರಾಣಿ


ಊಟಿ, ಸರಕಾರಿ ಆಸ್ಪತ್ರೆ
19 ಫೆಬ್ರುವರಿ 2024

ಮೇಡಂ,

ಅವ್ವೆಗೆ ಕಾಟಿ ತಿವಿಯಿತು. ನಮ್ಮ ಹಿತ್ತಿಲಿಗೆ ಕಾಡೆಮ್ಮೆ ಬರುವುದು ಹೊಸದೇನಲ್ಲ. ಎಡಗೈ ಮೂಳೆ ಎರಡು ಕಡೆ ಮುರಿದಿದೆ, ತಲೆಗೆ ಹನ್ನೊಂದು ಹೊಲಿಗೆ. ಮಾತಾಡುತ್ತಾಳೆ. ಇನ್ನೂ ಎರಡು ವಾರ ಇಲ್ಲೇ ಇರಬೇಕಂತೆ.

ಈ ವಾರ ಬರೆಯಲು ಆಗುವುದಿಲ್ಲ.

ತ.


ಮೈಸೂರು
23 ಫೆಬ್ರುವರಿ 2024

ಪ್ರಿಯ ತನ್ಮಯಿ,

ನಿನ್ನ ಕಾಗದ ಸಿಕ್ಕಿತು. ಆಸ್ಪತ್ರೆಯಲ್ಲಿ ನಿನ್ನ ಜೊತೆ ಯಾರಿದ್ದಾರೆ? ನೀನು ಊಟ ಮಾಡುತ್ತಿದ್ದೀಯಾ? ಇಂಥ ಹೊತ್ತಿನಲ್ಲಿ ಮಗಳು ತಾಯಿಯ ಪಕ್ಕದಲ್ಲಿದ್ದಾಳೆ ಎಂಬುದೇ ನನಗೆ ಸಮಾಧಾನ.

ಇದನ್ನು ಕೇಳಲೋ ಬೇಡವೋ ಎಂದು ರಾತ್ರಿಯೆಲ್ಲ ಯೋಚಿಸಿದೆ. ಕಾಟಿ ಬಂದದ್ದು ನೀನು ಪಟ್ಟಿ ಓದುವ ಮೊದಲೋ, ಆಮೇಲೋ?

ರುದ್ರಾಣಿ


ಸೋಲೂರು
1 ಮಾರ್ಚ್ 2024

ಮೇಡಂ,

ಕಾಟಿ ತಿವಿಯಲಿಲ್ಲ. ನಾನು ತಳ್ಳಿದೆ.

ಅಪ್ಪ ಒಂದು ದಿನವೂ ಅವ್ವೆಯ ಮೇಲೆ ಕೈ ಎತ್ತಿದವರಲ್ಲ. ಹೊಡೆಯುವವಳು ನಾನು. ಊರಿಗೆ ಬಂದ ಎರಡನೇ ದಿನ ಶುರುವಾಯಿತು. ಅವಳು ಸಾರಿಗೆ ಉಪ್ಪು ಸಾಕಾ ಎಂದು ಮೂರು ಸಲ ಕೇಳಿದಳು, ಅಷ್ಟಕ್ಕೇ. ಹೊಡೆದ ಮೇಲೆ ಅವಳು ನನ್ನ ಕೈ ಹಿಡಿದು, "ನಿನ್ನ ಕೈ ನೊಂದಿತಾ, ಕೂಸು?" ಎಂದು ಕೇಳುತ್ತಾಳೆ. ಅದನ್ನು ಕೇಳಿದರೆ ಇನ್ನೊಂದು ಹೊಡೆಯಬೇಕು ಅನ್ನಿಸುತ್ತದೆ. ಅಪ್ಪನಿಗೆ ಗೊತ್ತಿದೆ. ನೀವು ಫೋನಿನಲ್ಲಿ ಅವರನ್ನು ಬೈದಾಗ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ, ಒಳಗೊಳಗೆ ಹಾಯೆನಿಸಿತು. ನೀವು ತಪ್ಪು ತಿಳಿದದ್ದು ನನಗೆ ಅನುಕೂಲವಾಗಿತ್ತು.

ಆ ದಿನ ಅವ್ವೆ ಹಿತ್ತಿಲ ಮೆಟ್ಟಿಲಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಳು. ನೀವು ಹೇಳಿದ ಹಾಗೆಯೇ ಪಟ್ಟಿ ಓದಿದೆ, ಬಡಗದಲ್ಲಿ ತಿರುಗಿಸಿ. ಬೆಕ್ಕಿನ ಮರಿಯನ್ನು ಮಹಡಿಯಿಂದ ಎಸೆದದ್ದು. ಜನನಿಯ ಮುಖಕ್ಕೆ ಹೊಡೆದದ್ದು. ಹೆತ್ತವಳಿಗೆ ಹೊಡೆದದ್ದು. ಅಷ್ಟಾಗುವಾಗ ಅವ್ವೆಯ ಮುಖ ಬಿಳಿಚಿತು.

ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮಲ್ಲಿ ತಪ್ಪುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳುವುದು ಒಂದೇ ಸಂದರ್ಭದಲ್ಲಿ. ಯಾರಾದರೂ ಸತ್ತಾಗ ಹೆಣದ ಮುಂದೆ ಊರಿನ ಹಿರಿಯರೊಬ್ಬರು ನಿಂತು, ಸತ್ತವರು ಇದು ಮಾಡಿದ್ದರೂ ಪಾಪ, ಅದು ಮಾಡಿದ್ದರೂ ಪಾಪ ಎಂದು ಹೇಳುತ್ತಾ ಹೋಗುತ್ತಾರೆ. ಹಲ್ಲಿ ಕೊಂದದ್ದು, ಗಡಿಕಲ್ಲು ಸರಿಸಿದ್ದು, ಹೀಗೆ. ಸುತ್ತ ಇದ್ದವರು ದನಿ ಸೇರಿಸುತ್ತಾರೆ. ಎಲ್ಲ ಹೇಳಿ ಮುಗಿದ ಮೇಲೆ ಪಾಪ ಕಳೆದು ಹೆಣವನ್ನು ಕಳಿಸಿಕೊಡುತ್ತಾರೆ. ಏಳು ವರ್ಷದಿಂದ ಮೈಸೂರಿನಲ್ಲೇ ಇದ್ದವಳು ನಾನು, ಚಿಕ್ಕವಳಿದ್ದಾಗ ಅಜ್ಜಿಯ ಸಾವಿನಲ್ಲಿ ಒಮ್ಮೆ ಕೇಳಿದ್ದೆ, ಮರೆತಿದ್ದೆ. ಅವ್ವೆ ಮರೆಯುತ್ತಾಳಾ?

"ಇದ ಸತ್ತವಕ ಹೇಳುವದು. ಜೀವ ಇಪ್ಪವಕ ಅಲ್ಲ," ಎಂದು ಓಡಿ ಬಂದು ನನ್ನ ಬಾಯಿ ಮುಚ್ಚಿದಳು. ಮಗಳು ಸಾಯಲು ಹೊರಟಿದ್ದಾಳೆ ಎಂದು ತಿಳಿದಳು. ನನಗೆ ತಿಳಿದದ್ದು ಒಂದೇ, ಇವಳೂ ನನ್ನ ಬಾಯಿ ಮುಚ್ಚಿಸುತ್ತಿದ್ದಾಳೆ. ಅವಳ ಅಂಗೈ ಕಚ್ಚಿದೆ, ರಕ್ತ ಬಂತು, ಕೈ ತೆಗೆಯಲಿಲ್ಲ. ತಳ್ಳಿದೆ. ಆರು ಮೆಟ್ಟಿಲು, ಕೆಳಗೆ ಬಟ್ಟೆ ಒಗೆಯುವ ಕಲ್ಲು. ಬಿದ್ದ ಮೇಲೆ ಇಳಿದು ಹೋಗಿ ಮತ್ತೆ ಒದ್ದೆ. ಅದನ್ನೂ ಬರೆಯಬೇಕು. ಬಿದ್ದವಳನ್ನು ಒದ್ದೆ.

ಜನ ಓಡಿ ಬಂದಾಗ ಅವ್ವೆ, ಕಾಟಿ ಅಂದಳು.

ಮುಂದಿನದನ್ನು ಕೇಳಿ. ಅರಣ್ಯ ಇಲಾಖೆಯ ಗಾರ್ಡು ಮಣಿಕಂಡನ್ ಆಸ್ಪತ್ರೆಗೆ ಬಂದು ಬರೆದುಕೊಂಡರು. ಯಾವ ಕಡೆಯಿಂದ ಬಂತು, ಎಷ್ಟು ದೊಡ್ಡದು. ಅವ್ವೆ ಹೊಲಿಗೆ ಹಾಕಿದ ತಲೆ ಅಲ್ಲಾಡಿಸಿ ಎಲ್ಲಕ್ಕೂ ಉತ್ತರ ಕೊಟ್ಟಳು. ನಮ್ಮ ತೋಟಗಳ ಪಕ್ಕದಲ್ಲಿ ಏಳು ಕಾಟಿಗಳ ಒಂದು ಹಿಂಡು ಓಡಾಡುತ್ತದೆ. ವರ್ಷಗಳಿಂದ ಇದೆ, ಯಾರ ತಂಟೆಗೂ ಬಂದದ್ದಿಲ್ಲ. ಕಳೆದ ಭಾನುವಾರ ಹಟ್ಟಿಯ ಗಂಡಸರು ಪಟಾಕಿ, ತಗಡಿನ ಡಬ್ಬ ಹಿಡಿದು ಅದನ್ನು ಓಡಿಸಲು ಹೋದರು. ಆರು ಓಡಿದವು. ಒಂದು ಹೆಣ್ಣು ಕಾಟಿ ಕ್ಯಾರೆಟ್ ಪಾತಿಯ ಕಲ್ಲುಕಟ್ಟೆಯಿಂದ ಕೆಳಗಿನ ಚರಂಡಿಗೆ ಬಿತ್ತು. ಹಿಂಗಾಲು ಎರಡೂ ಮುರಿದವು.

ಎಲ್ಲರೂ ಸುತ್ತ ನಿಂತರು. ಯಾರೋ ಕಲ್ಲು ಹೊಡೆದರು. ಅವ್ವೆಯ ಹೆಸರು ಹೇಳಿ, ದೇವಮ್ಮನ ತಲೆ ಒಡೆದದ್ದು ಇದೇ ಎಂದು ಇನ್ನೊಬ್ಬರು ಹೊಡೆದರು. ಅಪ್ಪ ಬೇಡ ಬೇಡ ಎಂದು ಅಡ್ಡ ಹೋದರು, ಅವರನ್ನು ಪಕ್ಕಕ್ಕೆ ನೂಕಿದರು. ರಂಗನಾಥನ್ ಮಾವ ಒಂದು ಕಲ್ಲು ಎತ್ತಿ ನನ್ನ ಕೈಗೆ ಕೊಟ್ಟು, "ನಿನ್ನ ಅವ್ವೆ ತಾನೆ, ನೀ ಹುಯ್ಯಿ" ಅಂದರು.

ಹೊಡೆದೆ, ಮೇಡಂ. ಎಲ್ಲರೂ ನೋಡುತ್ತಿದ್ದರು, ಹೊಡೆದೆ. ಕಣ್ಣಿಗೆ ಬಿತ್ತು. ಅದು ಕೂಗಲಿಲ್ಲ, ಮೂಗಿನಿಂದ ಉಸಿರು ಬಿಟ್ಟಿತು. ದನದ ಡಾಕ್ಟರು ಬಂದು ಸಾಯುವ ಸೂಜಿ ಚುಚ್ಚುವ ತನಕ ಒಂದೂವರೆ ದಿನ ಜೀವ ಹಿಡಿದಿತ್ತು. ನನ್ನ ತಪ್ಪನ್ನು ಅದರ ಮೇಲೆ ಹೊರಿಸಿ, ಅದನ್ನು ಕೊಂದದ್ದೂ ನಾನೇ. ಊರವರು ನನ್ನನ್ನು ತಾಯಿಯ ಮೇಲೆ ಪ್ರೀತಿ ಇರುವ ಮಗಳು ಅನ್ನುತ್ತಿದ್ದಾರೆ.

ಅವ್ವೆ ಮುಂದಿನ ವಾರ ಮನೆಗೆ ಬರುತ್ತಾಳೆ. ಬಂದರೆ ನಾನು ಅವಳನ್ನು ಕೊಂದೇಬಿಡುತ್ತೇನೆ ಎಂದು ನನಗೆ ಹೆದರಿಕೆ. ಸುಮ್ಮನೆ ಬರೆಯುತ್ತಿಲ್ಲ.

ಒಂದು ಪ್ರಶ್ನೆ. ಜನನಿಗೆ ಹೊಡೆದದ್ದು ಎಲ್ಲಿ ಬಿತ್ತು ಎಂದು ನನಗೆ ನೆನಪಿದೆ. ನೀವು ಇಷ್ಟು ಕಾಗದ ಬರೆದಿರಿ, ಅವಳ ಕಣ್ಣಿನ ವಿಷಯ ಒಂದು ಸಲವೂ ಬರೆಯಲಿಲ್ಲ. ನನಗೆ ಸುಳ್ಳು ಹೇಳುವವರು ಮನೆಯಲ್ಲೇ ಇದ್ದಾರೆ, ನೀವು ಬೇಡ.

ತೇನ್ಮೊಳಿ


ಮೈಸೂರು
6 ಮಾರ್ಚ್ 2024

ತೇನ್ಮೊಳಿ,

ಜನನಿಯ ಎಡಗಣ್ಣು ಹೋಗಿದೆ. ಡಿಸೆಂಬರ್ ಇಪ್ಪತ್ತಕ್ಕೇ ಡಾಕ್ಟರು ಹೇಳಿದರು. ಮತ್ತೆ ಬರುವುದಿಲ್ಲ.

ನಿನಗೆ ಹೇಳದಿರಿ ಎಂದು ನಿಮ್ಮಪ್ಪ ಕೇಳಿಕೊಂಡರು, ನಾನು ಒಪ್ಪಿದೆ. ಹೇಳಿದರೆ ನೀನು ಜೀವಕ್ಕೆ ಏನಾದರೂ ಮಾಡಿಕೊಳ್ಳುತ್ತೀಯ ಎಂದು ಹೆದರಿದೆ. ಬರೆಯುವುದನ್ನು ನಿಲ್ಲಿಸಿಬಿಡುತ್ತೀಯ ಎಂದೂ ಹೆದರಿದೆ. ಎರಡನೆಯ ಹೆದರಿಕೆ ಮೊದಲನೆಯದಕ್ಕಿಂತ ದೊಡ್ಡದಾಗಿತ್ತೇನೋ ಎಂದು ಈಗ ಅನುಮಾನ. ನಾಚಿಕೆಯಾಗುತ್ತದೆ.

ನಿಮ್ಮಪ್ಪನ ಮೇಲೆ ಅಪವಾದ ಹೊರಿಸಿದೆ. ಇಪ್ಪತ್ತಾರು ವರ್ಷದ ಅನುಭವ ಎಂದು ಬೀಗಿದೆ. ನಿಮ್ಮ ಜನರಲ್ಲಿ ತಪ್ಪು ಹೇಳುವುದೆಂದರೇನು ಎಂದು ಕೇಳದೆ, ಪಟ್ಟಿಯನ್ನು ಏಟು ತಿನ್ನುತ್ತಿದ್ದವರ ಮುಂದೆಯೇ ಓದಿಸಿದೆ. ಅವರ ಮೂಳೆ ಮುರಿದದ್ದರಲ್ಲಿ ನನ್ನ ಪಾಲೂ ಇದೆ. ಒದ್ದದ್ದು ಮಾತ್ರ ನಿನ್ನ ಕಾಲೇ. ಅದನ್ನು ನಿನ್ನಿಂದ ತೆಗೆದುಕೊಳ್ಳಲು ನನಗಾಗುವುದಿಲ್ಲ.

ಇನ್ನು ಮುಖ್ಯವಾದದ್ದು. ಜೀವಕ್ಕೆ ಅಪಾಯ ಕಂಡರೆ ಮಾತು ಮುರಿಯುತ್ತೇನೆ ಎಂದಿದ್ದೆ, ಮುರಿದಿದ್ದೇನೆ. ಇಂದು ಬೆಳಿಗ್ಗೆ ನಿಮ್ಮಪ್ಪನ ಜೊತೆ ಒಂದು ಗಂಟೆ ಮಾತಾಡಿದೆ, ಮೊದಲು ಕ್ಷಮೆ ಕೇಳಿದೆ. ಮೈಸೂರಿನ ಆಸ್ಪತ್ರೆಯಲ್ಲಿ ನಿನ್ನ ವಯಸ್ಸಿನವರ ಮಾನಸಿಕ ಚಿಕಿತ್ಸೆಯ ವಾರ್ಡಿನಲ್ಲಿ ಹದಿನೈದನೇ ತಾರೀಕಿಗೆ ಹಾಸಿಗೆ ಸಿಗುತ್ತದೆ. ನಿನ್ನನ್ನು ನೋಡುವವರು ನನಗಿಂತ ಹೆಚ್ಚು ತಿಳಿದವರು. ನೀನು ಹುಡುಗಿಯನ್ನು ಇಷ್ಟಪಟ್ಟದ್ದನ್ನು ಅಲ್ಲಿ ಯಾರೂ ರೋಗ ಅನ್ನುವುದಿಲ್ಲ. ಚಿಕಿತ್ಸೆ ನಿನ್ನ ಕೈಗೆ. ಜನನಿಯ ತಂದೆ ಪೊಲೀಸರಿಗೆ ದೂರು ಕೊಡಬಹುದು. ಕೊಟ್ಟರೆ ಅದು ಅವರ ಹಕ್ಕು.

ಅಲ್ಲಿಯ ತನಕ, ಅವ್ವೆ ಮನೆಗೆ ಬರುವ ಮೊದಲೇ ಒಳಕೋಣೆಯ ಕದಕ್ಕೆ ಒಳಗಡೆಯಿಂದ ಅಗುಳಿ ಹಾಕಿಸಲು ಹೇಳಿದ್ದೇನೆ. ಸಿಟ್ಟು ಏರುವುದು ನಿನಗೆ ಮೊದಲೇ ಗೊತ್ತಾಗುತ್ತದೆ. ಗೊತ್ತಾದಕೂಡಲೇ ಅವ್ವೆಗೆ ಬಾಯಿಬಿಟ್ಟು ಹೇಳು. ಅವರು ಒಳಗೆ ಹೋಗಿ ಕದ ಹಾಕಿಕೊಳ್ಳಬೇಕು, ನಿಮ್ಮಪ್ಪ ಬರುವ ತನಕ ತೆಗೆಯಬಾರದು. ನೀನು ಅತ್ತರೂ ತೆಗೆಯಬಾರದು. ಈ ಸಾಲುಗಳನ್ನು ನೀನೇ ಅವರಿಗೆ ಓದಿ ಹೇಳು.

ರುದ್ರಾಣಿ


ಸೋಲೂರು
13 ಮಾರ್ಚ್ 2024

ಮೇಡಂ,

ನಿಮ್ಮ ಕಾಗದ ನಿನ್ನೆ ಮಧ್ಯಾಹ್ನ ಬಂತು. ಅವ್ವೆ ಬಂದು ಮೂರು ದಿನವಾಗಿತ್ತು. ಅಪ್ಪ ಅಗುಳಿಯನ್ನು ಅದಕ್ಕೂ ಮೊದಲೇ ಹಾಕಿದ್ದರು. ಅವ್ವೆ ಅದನ್ನು ನೋಡಿ, "ಎನ್ನ ಕೂಸುಗ ಎನ್ನ ಮನೆಲಿ ಕದ ಹಾಕುವದಾ?" ಎಂದು ಅಪ್ಪನ ಮೇಲೆ ರೇಗಿದ್ದಳು.

ಮೊದಲ ಸಾಲು ಓದಿದೆ. ಆಮೇಲಿನದನ್ನು ಎರಡು ಗಂಟೆ ಓದಲಿಲ್ಲ. ಜನನಿ ಓದುವಾಗ ಪುಸ್ತಕವನ್ನು ಎಡಗಡೆಗೆ ಇಟ್ಟುಕೊಳ್ಳುತ್ತಿದ್ದಳು, ಅದೇ ಯೋಚನೆ. ಪೂರ್ತಿ ಓದಿ ಮುಗಿಸಿದ ಮೇಲೆ ನಿಮ್ಮ ಸಾಲುಗಳನ್ನು ಅವ್ವೆಗೆ ಓದಿ ಹೇಳಿದೆ. ಅವಳು ತಲೆ ಅಲ್ಲಾಡಿಸಿ, ಮೊದಲು ಊಟ ಮಾಡು ಅಂದಳು. ನಾನು ಬೇಡ ಅಂದೆ. ಸ್ವಲ್ಪ ತಿನ್ನು ಅಂದಳು. ಬೇಡ ಅಂದೆ. ಒಂದೇ ತುತ್ತು ಅಂದಳು.

ನೀವು ಹೇಳಿದ್ದು ಸರಿ, ಮೊದಲೇ ಗೊತ್ತಾಗುತ್ತದೆ. ಕಿವಿ ಬಿಸಿಯಾಗುತ್ತದೆ, ಅವಳ ಮಾತು ದೂರದಿಂದ ಬಂದ ಹಾಗೆ ಕೇಳುತ್ತದೆ. "ಅವ್ವೆ, ಒಳಗೆ ಹೋಗು. ಕದ ಹಾಕು," ಅಂದೆ. ಅವಳು ತಟ್ಟೆ ಹಿಡಿದು ಹತ್ತಿರ ಬಂದಳು. "ಅವ್ವೆ, ಹುಯ್ಯುವೆ," ಅಂದೆ. ಆಗ ಅವಳು ನನ್ನ ಕೈ ನೋಡಿದಳು. ಗಿಡ ಸವರುವ ಕತ್ತಿ ನನ್ನ ಕೈಯಲ್ಲಿತ್ತು. ಯಾವಾಗ ತೆಗೆದುಕೊಂಡೆನೋ ಗೊತ್ತಿಲ್ಲ. ಅವಳು ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ಪ್ಲಾಸ್ಟರ್ ಹಾಕಿದ ಕೈ, ಇನ್ನೊಂದು ಕೈಯಲ್ಲಿ ಅಗುಳಿ ಎಳೆಯಲು ಒದ್ದಾಡಿದಳು, ಸದ್ದು ಕೇಳಿಸುತ್ತಿತ್ತು. ಎಳೆದಳು.

ನಾನು ಕದಕ್ಕೆ ಒದ್ದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಎರಡೂ ಭಾಷೆಯಲ್ಲಿ. ಕತ್ತಿ ಬೀಸಿದೆ. ಹಲಗೆ ಸೀಳಿ ನಾಟಿಕೊಂಡಿತು, ಎಳೆದರೂ ಬರಲಿಲ್ಲ. ಆ ಸೀಳು ಅವ್ವೆ ನಿಂತರೆ ಅವಳ ಕುತ್ತಿಗೆಯ ಎತ್ತರಕ್ಕೆ ಬರುತ್ತದೆ, ಇವತ್ತು ಅಳೆದು ನೋಡಿದೆ. ಆಮೇಲೆ ಕೈಯಲ್ಲೇ ಬಡಿದೆ. ಬೆರಳಿನ ಗೆಣ್ಣುಗಳು ಒಡೆದವು. ಅದಕ್ಕೇ ಈ ಅಕ್ಷರ ಹೀಗಿದೆ.

ಕೊನೆಗೆ ಅತ್ತೆ. ತೆಗೆ ಅವ್ವೆ, ಇನ್ನು ಏನೂ ಮಾಡುವುದಿಲ್ಲ ಎಂದು ಬೇಡಿಕೊಂಡೆ. ಒಳಗೆ ಅವಳೂ ಅಳುತ್ತಿದ್ದಳು. ಕೂಸು ಕೂಸು ಅನ್ನುತ್ತಿದ್ದಳು. ತೆಗೆಯಲಿಲ್ಲ.

ಅಪ್ಪ ಎಲೆ ಹಾಕಿ ಬಂದವರು ಕದ ನೋಡಿದರು, ನನ್ನ ಕೈ ನೋಡಿದರು. ಏನಾಯಿತು ಎಂದು ಅವ್ವೆಯನ್ನು ಕೇಳಿದರು. ಪಕ್ಕದ ಮನೆಯವರೂ ಬಂದು ಬಾಗಿಲಲ್ಲಿ ನಿಂತಿದ್ದರು. ಅವ್ವೆ ಒಳಗಿಂದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಕೂಸ ಕಂಡರೆ ಎನಗ ಅಂಜಿಕೆ. ಮೈಸೂರುಗ ಕರೆದಂಡು ಹೋಗಿ."

ನಾಡಿದ್ದು ಊಟಿಯಿಂದ ಬೆಳಗಿನ ಮೈಸೂರು ಬಸ್ಸಿಗೆ ಅಪ್ಪ ಮತ್ತು ನಾನು ಹೊರಡುತ್ತೇವೆ. ಈ ಕಾಗದ ಬಹುಶಃ ನನ್ನ ಹಿಂದೆಯೇ ಬರುತ್ತದೆ. ಅಪ್ಪ ಮನೆಯಲ್ಲಿದ್ದರೂ ಅವ್ವೆ ಒಳಕೋಣೆಯಲ್ಲೇ ಇದ್ದಾಳೆ. ಇವತ್ತು ನನ್ನ ಬಟ್ಟೆ ಮಡಿಸಿ, ಕದವನ್ನು ಒಂದು ಗೇಣು ತೆರೆದು, ಅಪ್ಪನ ಕೈಗೆ ಕೊಟ್ಟು ಮತ್ತೆ ಹಾಕಿಕೊಂಡಳು. ಅಗುಳಿ ಬಿದ್ದ ಸದ್ದಿಗೆ ನನಗೆ ಅಳು ಬಂತು, ಆದರೆ ತೆಗೆ ಎಂದು ಕೇಳಲಿಲ್ಲ.

ತೇನ್ಮೊಳಿ